ಕಾಗದದ ಬಂದರು

ಡಿಯೊಲಿಂಡಾಳ ಆಸೆ ದೊಡ್ಡದೇನಲ್ಲ. ಗಂಡ ಜೆರ್ಮಾನೊನ ಪಕ್ಕದಲ್ಲಿ ಹಡಗಿನ ಮೇಲೆ ನಿಂತು ಒಂದೇ ಒಂದು ಸಲ ಬ್ಯಾಲಸ್ಟ್ ಪಾಯಿಂಟ್ ದಾಟಬೇಕು, ಅಷ್ಟೆ. ಬಂದರಿನ ಬಾಯಲ್ಲಿ ನೀರಿಗೆ ಚಾಚಿಕೊಂಡ ಕಲ್ಲುನೆಲದ ತುದಿ ಅದು, ಮನೆಯಿಂದ ಹದಿನೈದು ನಿಮಿಷದ ದಾರಿ. ಆದರೆ ನೀರಿನ ಮೇಲಿಂದ ಅದನ್ನು ದಾಟುವ ಯೋಗ ಅವಳಿಗೆ ಬಂದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ, ಅದೂ ಅವಳು ಅಂದುಕೊಂಡ ಹಾಗಲ್ಲ.

ಸ್ಯಾನ್ ಡಿಯೇಗೊ ಬಂದರಿನಿಂದ ಹೊರಟ ದೋಣಿ ಶೆಲ್ಟರ್ ಐಲೆಂಡಿನ ತುದಿಯನ್ನು ಬಳಸಿ, ನೀರಿನಲ್ಲಿ ತೇಲುವ ಕೆಂಪು ಗುರುತಿನ ಪೀಪಾಯಿಯನ್ನು ದಾಟಿ, ಬ್ಯಾಲಸ್ಟ್ ಪಾಯಿಂಟಿನ ಮರೆಗೆ ಸೇರಿಬಿಡುತ್ತದೆ. ಆಚೆಗೆ ಮಹಾಸಾಗರ. ನಮ್ಮ ಪಾಯಿಂಟ್ ಲೋಮಾ ಕೇರಿಯ ಪೋರ್ಚುಗೀಸ್ ಹೆಂಗಸರಿಗೆ ಇಲ್ಲಿ ಒಂದು ಕಟ್ಟುನಿಟ್ಟು ಉಂಟು. ಟ್ಯೂನಾ ಮೀನು ಹಿಡಿಯಲು ಹೊರಟ ಗಂಡಸರನ್ನು ಕಳಿಸಿಕೊಡಲು ಶೆಲ್ಟರ್ ಐಲೆಂಡಿನ ತುದಿಗೆ ಬರಬಹುದು, ಕೈ ಬೀಸಬಹುದು, ಬೇಕಾದರೆ ಗೋಳೋ ಎಂದು ಅಳಬಹುದು. ದೋಣಿ ಕೆಂಪು ಪೀಪಾಯಿ ಮುಟ್ಟಿತೋ, ಬೆನ್ನು ತಿರುಗಿಸಿಬಿಡಬೇಕು. ಇಂಜಿನ್ನಿನ ಸದ್ದು ಪೂರ್ತಿ ಅಡಗುವವರೆಗೆ ಹಿಂದಕ್ಕೆ ನೋಡುವ ಹಾಗಿಲ್ಲ. ಡಿಯೊಲಿಂಡಾಳ ದೊಡ್ಡಮ್ಮ ರೊಸಾಲಿನಾ ಮದುವೆಯಾದ ಹೊಸತರಲ್ಲಿ ಮನಸ್ಸು ತಡೆಯದೆ ಕೊನೆಯವರೆಗೂ ನೋಡುತ್ತ ನಿಂತಳು. ಆ ದೋಣಿ ಮರಳಲಿಲ್ಲ. ಬಿರುಗಾಳಿಗೆ ಸಿಕ್ಕಿತೆಂದು ಸರಕಾರ ಹೇಳಿತು, ನೋಡಿದ್ದಕ್ಕೇ ಹೋಯಿತೆಂದು ಬೀದಿ ಹೇಳಿತು. ಹೆಂಗಸರು ನಂಬಿದ್ದು ಬೀದಿಯನ್ನು.

ಹಾಗಾಗಿ ಡಿಯೊಲಿಂಡಾ ಇಪ್ಪತ್ತೈದು ವರ್ಷ, ವರ್ಷಕ್ಕೆ ಮೂರೋ ನಾಲ್ಕೋ ಸಲ, ಸಮುದ್ರಕ್ಕೆ ಬೆನ್ನು ಹಾಕಿ ಎದುರಿನ ಗುಡ್ಡದ ಮನೆಗಳನ್ನು ನೋಡುತ್ತ ನಿಂತವಳು. ಅಲ್ಲಿನ ಒಂದೊಂದು ಕಿಟಕಿಯ ಬಣ್ಣವೂ ಅವಳಿಗೆ ಬಾಯಿಪಾಠ. ಪೀಪಾಯಿಯ ಆಚೆ ಗಂಡ ಏನು ಕಾಣುತ್ತಾನೆಂಬುದು ಮಾತ್ರ ಗೊತ್ತಿಲ್ಲ. ಕೇಳಿದರೆ ಅವನು "ನೀರು" ಎನ್ನುತ್ತಿದ್ದ. ಮೂರು ತಿಂಗಳು ಸಮುದ್ರದಲ್ಲಿದ್ದು ಬಂದವನ ಬಾಯಿಂದ ಬಂದ ವರ್ಣನೆ ಅಷ್ಟು.

ಈಗ ಆ ದೋಣಿಗಳೂ ಇಲ್ಲ, ಟ್ಯೂನಾ ಕಾರ್ಖಾನೆಗಳೂ ಇಲ್ಲ. ಎಂಬತ್ತೊಂದರ ಜೆರ್ಮಾನೊ ಬೆಳಿಗ್ಗೆ ಟೊಮೇಟೊ ಗಿಡಗಳಿಗೆ ನೀರು ಹಾಕಿ, ಮಧ್ಯಾಹ್ನ ಸಭಾಭವನದಲ್ಲಿ ಇಸ್ಪೀಟು ಆಡಿ, ಅಲ್ಲಿ ಎಲ್ಲರಿಂದ ಕಪ್ತಾನ್ ಎಂದು ಕರೆಸಿಕೊಂಡು ಸಂಜೆ ಮನೆಗೆ ಬರುವ ಮನುಷ್ಯ. ಹೀಗಿರುವಾಗ ಡಿಯೊಲಿಂಡಾಳ ಅಣ್ಣನ ಮಗಳು, ಪ್ರವಾಸದ ಕಚೇರಿ ನಡೆಸುವ ಸಿಲ್ವೀನಾ, ಅತ್ತೆಯ ಹುಟ್ಟುಹಬ್ಬಕ್ಕೆ ಒಂದು ಬಣ್ಣದ ಹಾಳೆ ತಂದಳು. ಅತ್ತೆ ಅವಳಿಗೆ ತಿಯಾ, ಮಾವ ತಿಯೊ.

"ತಿಯಾ, ಇದು ಕ್ಯಾಲಿಫೋರ್ನಿಯಾ ಕರಾವಳಿ ಯಾನ. ಏಳು ದಿನ. ಇಲ್ಲಿಂದಲೇ ಹೊರಟು ಸಾಂತಾ ಬಾರ್ಬರಾ, ಸ್ಯಾನ್ ಫ್ರಾನ್ಸಿಸ್ಕೊ ಎಲ್ಲ ನೋಡ್ಕೊಂಡು ಇಲ್ಲಿಗೇ ವಾಪಸ್. ನಿಮಗೂ ತಿಯೊಗೂ ನನ್ನ ಉಡುಗೊರೆ."

"ದುಡ್ಡು ಕೊಟ್ಟು ಸಮುದ್ರಕ್ಕೆ ಹೋಗ್ಬೇಕಾ?" ಜೆರ್ಮಾನೊ ಮೂಗು ಮುರಿದ. "ನಂಗೆ ಅವ್ರೇ ದುಡ್ಡು ಕೊಟ್ಟು ಕಳಿಸ್ತಿದ್ರು."

"ಆಗ ನಿನ್ನ ಜೊತೆ ಇದ್ದಿದ್ದು ಹದಿನೆಂಟು ಗಂಡಸ್ರು, ಹದಿನೆಂಟು ಜೊತೆ ನಾರೋ ಸಾಕ್ಸು," ಎಂದಳು ಡಿಯೊಲಿಂಡಾ. "ಈಗ ನಾನಿರ್ತೀನಿ. ಬ್ಯಾಲಸ್ಟ್ ಪಾಯಿಂಟ್ ದಾಟೋವಾಗ ನನ್ನ ಪಕ್ಕ ನಿಂತ್ಕೊ ಸಾಕು, ಆಮೇಲೆ ಏಳು ದಿನ ಮಲಗು."

ಅವಳ ದನಿಯಲ್ಲಿ ಏನಿತ್ತೋ, ಜೆರ್ಮಾನೊ ತಲೆಯಾಡಿಸಿದ. ಮಾರನೆಯ ದಿನ ಅವಳು ಕ್ಷೌರದಂಗಡಿಗೆ ಅವನನ್ನು ಅಟ್ಟಿದಳು, ಹಡಗು ಹೊರಡಲು ಇನ್ನೂ ಎರಡು ತಿಂಗಳಿತ್ತು.

ಎಡವಟ್ಟು ಹೊರಬಿದ್ದದ್ದು ಪ್ರಯಾಣಕ್ಕೆ ಮೂರು ವಾರ ಇದೆ ಎನ್ನುವಾಗ, ಒಂದು ಭಾನುವಾರದ ಊಟದ ಹೊತ್ತಿನಲ್ಲಿ. ಪುದೀನ ಹಾಕಿದ ಮಾಂಸದ ಸಾರನ್ನು ಬ್ರೆಡ್ಡಿನ ಮೇಲೆ ಹುಯ್ದುಕೊಂಡು ಮೂವರೂ ಕೂತಿದ್ದರು. ಸಿಲ್ವೀನಾ ಕೈ ಒರೆಸಿಕೊಂಡು ಕಡತ ಬಿಚ್ಚಿದಳು.

"ಕಾಗದಪತ್ರ ಕಳಿಸ್ಬೇಕು. ತಿಯಾ ಇದೇ ಊರಲ್ಲಿ ಹುಟ್ಟಿದವ್ರು, ಹೊರಟಲ್ಲಿಗೇ ವಾಪಸ್ ಬರೋ ಯಾನಕ್ಕೆ ಇಲ್ಲಿನ ಪ್ರಜೆಗಳಿಗೆ ಜನನ ಪತ್ರ, ಗುರುತಿನ ಚೀಟಿ ಸಾಕು. ತಿಯೊ, ನೀವು ಈ ದೇಶದ ಪ್ರಜೆ ಆದಾಗ ಕೊಟ್ಟ ಕಾಗದ ಎಲ್ಲಿಟ್ಟಿದ್ದೀರಾ?"

ಜೆರ್ಮಾನೊ ಬಾಯಲ್ಲಿದ್ದ ಸಾರು ನುಂಗಿ, ಚಮಚ ಕೆಳಗಿಟ್ಟ. "ನಾನು ಈ ದೇಶದ ಪ್ರಜೆ ಅಂತ ಯಾವ ಕತ್ತೆ ಹೇಳ್ತು?"

"ನಾನೇ ಹೇಳಿದ್ದು," ಎಂದಳು ಸಿಲ್ವೀನಾ, ಮುಖ ಕೆಂಪಗಾಗಿ. "ಅರ್ಜಿಯಲ್ಲಿ ಗುರುತು ಹಾಕಿದ್ದೀನಿ. ನೀವು ಕಪ್ತಾನ್ ಅಲ್ವಾ? ಇಲ್ಲಿನ ದೋಣಿಗೆ ಕಪ್ತಾನ್ ಆಗ್ಬೇಕಾದ್ರೆ ಇಲ್ಲಿನ ಪ್ರಜೆ ಆಗಿರ್ಲೇಬೇಕು, ಕಾನೂನು ಹಾಗಿದೆ. ಅದಕ್ಕೇ ಕೇಳೋಕೂ ಹೋಗ್ಲಿಲ್ಲ."

ಕಾನೂನು ಹಾಗೇ ಇತ್ತು, ಆ ಹುಡುಗಿಯದು ತಪ್ಪಿಲ್ಲ. ಅವಳು ಹುಟ್ಟುವ ಕಾಲಕ್ಕೆ ನಮ್ಮ ದೋಣಿಗಳು ಕಣ್ಮರೆಯಾಗತೊಡಗಿದ್ದವು, ಅವುಗಳ ಒಳಗುಟ್ಟು ಅವಳಿಗೆ ಯಾರೂ ಹೇಳಿರಲಿಲ್ಲ. ಪೋರ್ಚುಗಲ್ಲಿನ ಅಸೋರ್ ದ್ವೀಪಗಳಿಂದ ಬಂದ ನಮ್ಮ ಗಂಡಸರಿಗೆ ಮೀನಿನ ಜಾಡು ಗೊತ್ತು, ಪ್ರಜೆಯ ಕಾಗದ ಇಲ್ಲ. ಅದಕ್ಕೆ ಪ್ರತಿ ದೋಣಿಗೂ ಒಬ್ಬ ಅಮೆರಿಕದವನನ್ನು ಕಪ್ತಾನನೆಂದು ಕಾಗದದಲ್ಲಿ ಬರೆಸಿ ಕೂರಿಸಿಕೊಳ್ಳುತ್ತಿದ್ದರು. ಕಾಗದದ ಕಪ್ತಾನ ಎಂದೇ ಅವನ ಹೆಸರು. ಕಂಬದ ತುದಿಯ ತೊಟ್ಟಿಲಲ್ಲಿ ದುರ್ಬೀನು ಹಿಡಿದು ಮೀನು ಹುಡುಕುವವನು, ಬಲೆ ಬೀಳಿಸುವವನು, ದೋಣಿ ಎತ್ತ ಹೋಗಬೇಕೆಂದು ಹೇಳುವವನು ನಮ್ಮವನೇ. 'ಸಾಂತಾ ಸಿಸಿಲಿಯಾ' ಎಂಬ ದೋಣಿಯಲ್ಲಿ ಅವನೇ ಜೆರ್ಮಾನೊ. ಕಾಗದದ ಕಪ್ತಾನನ ಹೆಸರು ಹಾಬ್ಸ್. ಹಾಬ್ಸ್ ಹೊರಡುವ ದಿನ ಒಂದು ಸಹಿ ಹಾಕುತ್ತಿದ್ದ, ಮರಳಿದ ದಿನ ಇನ್ನೊಂದು. ನಡುವೆ ಮೂರು ತಿಂಗಳು ಮಲಗಿಕೊಂಡು ಕುದುರೆ ಸವಾರರ ಕತೆಪುಸ್ತಕ ಓದುತ್ತ, ಮೊಟ್ಟೆ ಸರಿಯಾಗಿ ಬೆಂದಿಲ್ಲವೆಂದು ಅಡುಗೆಯವನ ಮೇಲೆ ರೇಗುತ್ತಿದ್ದ.

"ಹಾಬ್ಸ್ ಇದ್ದಿದ್ದು ಯಾಕೆ ಮತ್ತೆ? ಅವ್ನ ಚಂದದ ಮುಖ ನೋಡೋಕಾ?" ಎಂದ ಜೆರ್ಮಾನೊ.

"ಹಾಗಾದ್ರೆ ನಿಮ್ಮ ಹತ್ರ ಏನಿದೆ, ತಿಯೊ?"

ಅವನ ಹತ್ತಿರ ಗ್ರೀನ್ ಕಾರ್ಡ್ ಇತ್ತು. ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಕೂಡ ಇತ್ತು, ಡಿಯೊಲಿಂಡಾ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ತಂದಳು. ಅದರಲ್ಲಿ ದಟ್ಟ ಮೀಸೆಯ ಒಬ್ಬ ತರುಣ ಜಗಳಕ್ಕೆ ನಿಂತವನಂತೆ ನೋಡುತ್ತಿದ್ದ. ಅವಧಿ ಮುಗಿದು ಮೂವತ್ತೇಳು ವರ್ಷವಾಗಿತ್ತು.

"ವೀಸಾ ಬೇಕಾಗಲ್ಲ, ಗ್ರೀನ್ ಕಾರ್ಡ್ ಇದ್ರೆ ಮೆಕ್ಸಿಕೋದವ್ರು ಬಿಡ್ತಾರೆ," ಎಂದಳು ಸಿಲ್ವೀನಾ, ಸಣ್ಣ ದನಿಯಲ್ಲಿ. "ಆದ್ರೆ ಜೊತೆಗೆ ಪಾಸ್‌ಪೋರ್ಟ್ ಬೇಕು. ಅದು ಚಾಲ್ತಿಯಲ್ಲಿರ್ಬೇಕು. ಇದು ಮ್ಯೂಸಿಯಮ್ಮಿಗೆ ಕೊಡೋ ಹಾಗಿದೆ."

"ಮೆಕ್ಸಿಕೋ?" ಡಿಯೊಲಿಂಡಾ ಕುರ್ಚಿ ಎಳೆದು ಕೂತಳು. "ಮೆಕ್ಸಿಕೋ ಎಲ್ಲಿಂದ ಬಂತೇ? ನೀನು ಹೇಳಿದ್ದು ಕ್ಯಾಲಿಫೋರ್ನಿಯಾ."

"ಕೊನೇ ದಿನ ಎನ್ಸೆನಾಡಾ ಮುಟ್ಟಿ ಬರುತ್ತೆ, ತಿಯಾ. ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಾಲ್ಕೇ ಗಂಟೆ. ಎಷ್ಟೋ ಜನ ಇಳಿಯೋದೂ ಇಲ್ಲ."

"ಇಳಿಯದ ಊರಿಗೆ ಹೋಗೋದ್ಯಾಕೆ?"

ಸಿಲ್ವೀನಾ ಉಪ್ಪಿನ ಡಬ್ಬಿಯನ್ನು ಹಡಗು ಮಾಡಿಕೊಂಡು ಮೇಜಿನ ಮೇಲೆ ಓಡಿಸಿ ತೋರಿಸಿದಳು. "ಈ ಹಡಗಿಗೆ ಬೇರೆ ದೇಶದ ಬಾವುಟ. ಈ ದೊಡ್ಡ ಹಡಗುಗಳಿಗೆಲ್ಲ ಹಾಗೇ, ಪನಾಮಾದ್ದೋ ಬಹಾಮಾದ್ದೋ ಇರುತ್ತೆ. ನೂರಮೂವತ್ತು ವರ್ಷದ ಹಳೇ ಕಾನೂನು ಒಂದಿದೆ. ಹೊರಗಿನ ಬಾವುಟದ ಹಡಗು ನಮ್ಮ ಬಂದರಲ್ಲಿ ಜನರನ್ನ ಹತ್ತಿಸ್ಕೊಂಡು ಬರೀ ನಮ್ಮ ಬಂದರುಗಳನ್ನೇ ಸುತ್ತಿ ತಂದು ಇಳಿಸೋ ಹಾಗಿಲ್ಲ. ಮಧ್ಯೆ ಎಲ್ಲಾದ್ರೂ ಒಂದು ಹೊರದೇಶದ ಬಂದರು ಮುಟ್ಟಲೇಬೇಕು. ನಮ್ಮ ಹಡಗಿನವ್ರ ಅನ್ನ ಹೊರಗಿನವ್ರು ಕಿತ್ಕೋಬಾರ್ದು ಅಂತ ಮಾಡಿದ್ದು. ಅದಕ್ಕೇ ಎನ್ಸೆನಾಡಾ. ಅದನ್ನ ಮುಟ್ಟೋದ್ರಿಂದ ಪಾಸ್‌ಪೋರ್ಟು."

ಜೆರ್ಮಾನೊ ಉಪ್ಪಿನ ಡಬ್ಬಿಯನ್ನೇ ನೋಡುತ್ತಿದ್ದವನು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ನಗು ಕೆಮ್ಮಾಯಿತು, ಡಿಯೊಲಿಂಡಾ ಬೆನ್ನಿಗೆ ಗುದ್ದಿ ನೀರು ಕುಡಿಸಬೇಕಾಯಿತು.

"ಹಾಗಾದ್ರೆ ಎನ್ಸೆನಾಡಾ ಅಂದ್ರೆ ಅವ್ರ ಹಾಬ್ಸು!" ಎಂದ ಕಣ್ಣೊರೆಸಿಕೊಳ್ಳುತ್ತ. "ಕಾಗದದ ಬಂದರು! ನಾವು ಕಾಗದಕ್ಕೆ ಒಬ್ಬ ಕಪ್ತಾನನ್ನ ಇಟ್ಕೊಂಡಿದ್ವಿ, ಇವ್ರು ಕಾಗದಕ್ಕೆ ಒಂದು ಊರನ್ನೇ ಇಟ್ಕೊಂಡಿದ್ದಾರೆ. ಭಲೇ!"

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಎನ್ಸೆನಾಡಾದ ಕೊಲ್ಲಿಯಲ್ಲಿ ಎಷ್ಟು ಸಲ ಲಂಗರು ಹಾಕಿದ್ದನೋ ಲೆಕ್ಕವಿಲ್ಲ, ಒಬ್ಬರೂ ಅವನನ್ನು ಪಾಸ್‌ಪೋರ್ಟ್ ಕೇಳಿರಲಿಲ್ಲ. ಈಗ ಅದೇ ಊರಿಗೆ, ಅದೂ ಇಳಿಯಲು ಮನಸ್ಸಿಲ್ಲದ ಊರಿಗೆ, ಕಾಗದವಿಲ್ಲದೆ ಅವನನ್ನು ಹಡಗು ಹತ್ತಿಸುವುದಿಲ್ಲ. ಸಿಲ್ವೀನಾ ಮಾರನೆಯ ದಿನವೇ ಸ್ಯಾನ್ ಫ್ರಾನ್ಸಿಸ್ಕೊದ ಪೋರ್ಚುಗಲ್ ರಾಯಭಾರ ಕಚೇರಿಗೆ ಫೋನು ಮಾಡಿದಳು. ಹೊಸ ಪಾಸ್‌ಪೋರ್ಟಿಗೆ ಅವನು ಖುದ್ದಾಗಿ ಬರಬೇಕು, ಹುಟ್ಟಿದ ಪೀಕೋ ದ್ವೀಪದಿಂದ ಜನನದ ದಾಖಲೆ ತರಿಸಬೇಕು, ಎಲ್ಲ ಸೇರಿ ಎರಡು ತಿಂಗಳು. ಹಡಗಿಗೆ ಉಳಿದಿದ್ದದ್ದು ಇಪ್ಪತ್ತು ದಿನ.

"ಪ್ರಜೆಯಾಗು ಅಂತ ನಮ್ಮಪ್ಪ ನಿಂಗೆ ಎಷ್ಟು ಸಲ ಹೇಳಿದ್ರು," ಎಂದಳು ಡಿಯೊಲಿಂಡಾ ಆ ಸಂಜೆ, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತ.

"ಹಿಂದಿನ ದೇಶದ ಋಣ ಬಿಟ್ಟೆ ಅಂತ ಕೈ ಎತ್ತಿ ಹೇಳ್ಬೇಕಿತ್ತು. ಅಲ್ಲಿ ಅಮ್ಮ ಬದುಕಿದ್ಲು. ಹೇಗೆ ಹೇಳ್ಲಿ?"

"ಅಮ್ಮ ಹೋಗಿ ನಲವತ್ತು ವರ್ಷ ಆಯ್ತು, ಮಾರಾಯ."

"ಆಮೇಲೆ ಮರೆತುಹೋಯ್ತು," ಎಂದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಪಾತ್ರೆಗಳ ಸದ್ದು ಕಡಿಮೆ ಮಾಡಿದಳು.

ಒಂದು ವಾರ ಹೀಗೇ ಕಳೆಯಿತು. ಕೊನೆಗೆ ಅವಳೇ ಸೋತು, "ಬಿಡು, ನಾನೂ ಹೋಗಲ್ಲ," ಎಂದಳು. ಜೆರ್ಮಾನೊ ತಕ್ಷಣ, "ಒಳ್ಳೇದಾಯ್ತು," ಎಂದುಬಿಟ್ಟ. ಒಂದು ಕ್ಷಣ ಬೇಜಾರು ನಟಿಸಿದ್ದರೂ ಸಾಕಿತ್ತು. ನಿರುಮ್ಮಳವಾಗಿ ಟೊಮೇಟೊ ಗಿಡದ ಕಡೆ ಹೊರಟೇಬಿಟ್ಟ ಅವನ ನಡಿಗೆ ನೋಡಿ ಡಿಯೊಲಿಂಡಾಳ ಮೈ ಉರಿದುಹೋಯಿತು.

"ನಿಲ್ಲು ಅಲ್ಲೇ," ಎಂದಳು. "ನನ್ನ ಹತ್ರ ಕಾಗದ ಇದೆ. ನಾನು ಹೋಗ್ತೀನಿ."

"ಒಬ್ಳೇ?"

"ನೀನು ಹೋಗಿಲ್ವಾ? ನಾನು ಒಬ್ಳೇ ಇಲ್ಲಿ ಇರ್ಲಿಲ್ವಾ?"

ಜೆರ್ಮಾನೊ ನೀರಿನ ಡಬ್ಬಿ ಕೆಳಗಿಟ್ಟ. ಅವನ ಮುಖದಲ್ಲಿ ಅವಳು ಹಿಂದೆಂದೂ ಕಾಣದ ಒಂದು ದಿಗಿಲಿತ್ತು. "ದಡದಲ್ಲಿ ನಿಲ್ಲೋದು ನಂಗೆ ಬರಲ್ಲ, ಲಿಂಡಾ."

"ಕಲಿ. ನಾನು ಇಪ್ಪತ್ತನೇ ವಯಸ್ಸಿಗೆ ಕಲಿತೆ."

ಎರಡು ದಿನ ಅವನು ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಅವಳು ಇಗರ್ಜಿಯಿಂದ ಬರುವಾಗ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು, ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ಏನೋ ಗೀಚುತ್ತಿದ್ದ. ಇಡೀ ಕರಾವಳಿಯನ್ನು ಬರೆದಿದ್ದ. ಎಲ್ಲಿ ಯಾವ ದೀಪಸ್ತಂಭ, ಎಲ್ಲಿ ತಿಮಿಂಗಿಲ ಕಾಣಬಹುದು, ಎಲ್ಲಿ ಅಲೆ ಒರಟು, ಆಗ ಏನು ತಿನ್ನಬಾರದು, ಹಡಗಿನ ಯಾವ ಮಗ್ಗುಲಲ್ಲಿ ನಿಲ್ಲಬೇಕು, ಎಲ್ಲವೂ ಅದರಲ್ಲಿತ್ತು. ಎನ್ಸೆನಾಡಾದ ಪಕ್ಕ ಟೋಪಿ ಹಾಕಿ ಮಲಗಿದ ಮನುಷ್ಯನೊಬ್ಬನ ಚಿತ್ರ. ಕೇಳಬೇಕಾಗಿರಲಿಲ್ಲ, ಅದು ಹಾಬ್ಸ್.

"ತಗೊ," ಎಂದ. "ಈ ಸಲ ಕಾಗದದ ಕಪ್ತಾನ ನಾನೇ."

ಡಿಯೊಲಿಂಡಾ ಹಾಳೆಯನ್ನು ಮೇಲಿಂದ ಓದುತ್ತ ಬಂದಳು. ಎಲ್ಲಕ್ಕಿಂತ ಮೊದಲಿನ ಸಾಲು ಹೀಗಿತ್ತು: 'ಶೆಲ್ಟರ್ ಐಲೆಂಡ್ ಬಂದಾಗ ಬಲಗಡೆ ನಿಲ್ಲು, ನಾನು ತುದಿಯಲ್ಲಿರುತ್ತೇನೆ. ಕೆಂಪು ಪೀಪಾಯಿ ದಾಟಿದ ಮೇಲೆ ಮುಂದೆ ನೋಡು. ಹಿಂದೆ ನೋಡುವಂಥದ್ದು ಏನೂ ಇರುವುದಿಲ್ಲ.'

ಇಪ್ಪತ್ತೈದು ವರ್ಷ 'ನೀರು' ಎಂಬ ಒಂದು ಪದದಲ್ಲಿ ಮುಗಿಸಿದವನು ಇಷ್ಟೆಲ್ಲ ಬರೆದನಲ್ಲ ಎಂದುಕೊಂಡು ಅವಳು ಹಾಳೆಯನ್ನು ಮಡಚಿ ಕೈಚೀಲದೊಳಗಿಟ್ಟಳು. ಆ ಕೊನೆಯ ಮಾತಿನ ಮೇಲೆ ಅವಳ ಗಮನ ಹರಿಯಲಿಲ್ಲ.

ಹೊರಡುವ ದಿನ ಆಕಾಶ ಶುಭ್ರವಾಗಿತ್ತು. ಮಧ್ಯಾಹ್ನ ಎರಡಕ್ಕೆ ಜೆರ್ಮಾನೊ ಅವಳನ್ನು ಹಡಗುಕಟ್ಟೆಯಲ್ಲಿ ಇಳಿಸಿದ. ಅಷ್ಟು ಬಿಸಿಲಿನಲ್ಲೂ ಹಳೆಯ ಹಳದಿ ಮಳೆಕೋಟು ತೊಟ್ಟಿದ್ದ. ಎರಡು ಸಾವಿರ ಜನ ಹತ್ತುವ ಹಡಗಿನ ಮೇಲಿಂದ ಅವಳಿಗೆ ತನ್ನ ಗುರುತು ಸಿಗಬೇಕಲ್ಲ, ಅದಕ್ಕೆ. ಕೈಯಲ್ಲಿದ್ದ ಸಿಹಿ ಬ್ರೆಡ್ಡಿನ ಪೊಟ್ಟಣ ಕೊಟ್ಟು, "ಅವ್ರ ಊಟ ಹೇಗಿರುತ್ತೋ ಏನೋ," ಎಂದ. ಇದು ಪ್ರತಿ ಸಲ ಅವಳು ಹೇಳುತ್ತಿದ್ದ ಮಾತು.

ಮೇಜಿನ ಹಿಂದಿನ ಹುಡುಗಿ ಜನನ ಪತ್ರ ನೋಡಿ, "ಒಬ್ಬರೇನಾ, ಅಮ್ಮ?" ಎಂದು ಕೇಳಿದಳು. "ನಮ್ಮವ್ರು ದಡದಲ್ಲಿರ್ತಾರೆ," ಎಂದಳು ಡಿಯೊಲಿಂಡಾ. ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ವಿಚಿತ್ರವೆನಿಸಿತು.

ನಾಲ್ಕು ಗಂಟೆಗೆ ಹಡಗು ಹೊರಟಿತು. ಹೇಳಿದ ಹಾಗೆ ಕೇಳುವ ಖಲಾಸಿಯಂತೆ ಅವಳು ಬಲಗಡೆಯ ಕಟಾಂಜನಕ್ಕೆ ಅಂಟಿಕೊಂಡು ನಿಂತಳು. ಸುತ್ತ ಜನ ಬಣ್ಣದ ಪಾನೀಯ ಹಿಡಿದು ಕುಣಿಯುತ್ತಿದ್ದರು, ಅವಳಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಶೆಲ್ಟರ್ ಐಲೆಂಡ್ ಹತ್ತಿರವಾಯಿತು. ತುದಿಯಲ್ಲಿ, ಗಾಳಹಾಕಿ ಕೂತವರ ನಡುವೆ, ಹಳದಿ ಕೋಟು ನಿಂತಿತ್ತು. ಎರಡೂ ಕೈ ಮೇಲೆತ್ತಿ ಬೀಸುತ್ತಿತ್ತು. ಡಿಯೊಲಿಂಡಾ ಹುಚ್ಚಿಯ ಹಾಗೆ ಕೂಗಿದಳು, ಕೈಯಲ್ಲಿದ್ದ ಶಾಲು ಬೀಸಿದಳು, ಪಕ್ಕದವರೂ ಯಾರಿಗೆಂದು ಗೊತ್ತಿಲ್ಲದೆ ಕೈ ಬೀಸಿದರು.

ಹಡಗು ಕೆಂಪು ಪೀಪಾಯಿಯನ್ನು ಮುಟ್ಟಿತು. ಈಗ ಮುಂದೆ ನೋಡಬೇಕು. ಮುಂದೆ ಬ್ಯಾಲಸ್ಟ್ ಪಾಯಿಂಟ್, ಅದರಾಚೆ ಬಿಸಿಲಿಗೆ ಹೊಳೆಯುವ ನೀರು, ಜೀವಮಾನವಿಡೀ ಕಾಣಬೇಕೆಂದುಕೊಂಡದ್ದು. ಆದರೆ ಡಿಯೊಲಿಂಡಾ ಹಿಂದಕ್ಕೆ ನೋಡಿದಳು.

ಹಳದಿ ಕೋಟು ತಿರುಗಿತು. ಜೆರ್ಮಾನೊ ಕೈ ಇಳಿಸಿ, ಸಮುದ್ರಕ್ಕೆ ಬೆನ್ನು ಹಾಕಿ, ಗುಡ್ಡದ ಮನೆಗಳ ಕಡೆ ಮುಖ ಮಾಡಿ ನಿಂತ. ಅವಳು ನಿಲ್ಲುತ್ತಿದ್ದ ಜಾಗದಲ್ಲೇ, ಅವಳು ನಿಲ್ಲುತ್ತಿದ್ದ ಹಾಗೆಯೇ. ಬೆನ್ನೊಂದೇ ಉಳಿಯಿತು.

ಡಿಯೊಲಿಂಡಾ ಆ ಬೆನ್ನನ್ನೇ ನೋಡಿದಳು. ತಾನು ಬೆನ್ನು ತಿರುಗಿಸಿದ್ದು ಅವನು ಮರಳಿ ಬರಲೆಂದು. ದೋಣಿಯ ಮೇಲಿದ್ದವನಿಗೆ ಏನು ಕಾಣುತ್ತಿತ್ತೆಂದು ಅವಳಾಗಲಿ, ಆ ಬೀದಿಯ ಯಾವ ಹೆಂಗಸಾಗಲಿ ಒಂದು ದಿನ ಯೋಚಿಸಿರಲಿಲ್ಲ. ಅವನು ಮೂರು ಮೂರು ತಿಂಗಳು ಹೊತ್ತುಕೊಂಡು ಹೋದದ್ದು ಈ ಬೆನ್ನನ್ನು. ಹಿಂದೆ ನೋಡುವಂಥದ್ದು ಏನೂ ಇರುವುದಿಲ್ಲ ಎಂದು ಬರೆದಿದ್ದು ಅದಕ್ಕೆ. ಅವಳಿಗೆ ಅಳು ಒತ್ತರಿಸಿ ಬಂತು, ತಡೆಯಲಿಲ್ಲ. ಫೋನು ತೆಗೆದು ಅವನ ನಂಬರು ಒತ್ತಿದಳು.

ದೂರದ ಹಳದಿ ಕೋಟು ಜೇಬು ತಡಕಾಡಿತು. "ಏನಾಯ್ತು? ಪಾಸ್‌ಪೋರ್ಟ್ ಕೇಳಿದ್ರಾ?"

"ತಿರುಗು."

"ಏನು?"

"ಈ ಕಡೆ ತಿರುಗು ಅಂದೆ."

"ತಲೆ ಕೆಟ್ಟಿದ್ಯಾ? ನೀನಿನ್ನೂ ಮರೆಯಾಗಿಲ್ಲ. ಇಂಜಿನ್ನಿನ ಸದ್ದು ಇನ್ನೂ ಕೇಳಿಸ್ತಾ ಇದೆ."

"ನಿಂಗೆ ಕಾಣ್ತಿದ್ದಿದ್ದು ನನ್ನ ಬೆನ್ನು ಅಂತ ಒಂದು ದಿನ ಯಾಕೆ ಹೇಳ್ಲಿಲ್ಲ?"

ಅವನು ಹೇಳಿದ: "ಅರವತ್ತೊಂಬತ್ತನೇ ಇಸವೀಲಿ ನಿನ್ನ ನೀಲಿ ಕೋಟಿನ ಬೆನ್ನಲ್ಲಿ ಹೊಲಿಗೆ ಬಿಟ್ಟಿತ್ತು. ಎಡ ಭುಜದ ಕೆಳಗೆ. ಚಳಿ ಹೋಗುತ್ತಲ್ಲ ಒಳಗೆ, ಹೊಲ್ಕೊಂಡ್ಲೋ ಇಲ್ವೋ ಅಂತ ಆ ಸಲ ಪೂರ್ತಿ ಅದೇ ಯೋಚ್ನೆ. ಬಂದ್ಮೇಲೆ ಕೇಳೋಕೆ ನಾಚಿಕೆ ಆಯ್ತು."

"ಹೊಲ್ಕೊಂಡಿದ್ದೆ," ಎಂದಳು ಡಿಯೊಲಿಂಡಾ. "ಈಗ ತಿರುಗು."

"ರೊಸಾಲಿನಾ ದೊಡ್ಡಮ್ಮನ ಕತೆ ಮರ್ತ್ಯಾ? ಏನಾದ್ರೂ ಆದ್ರೆ?"

"ಹಡಗಿನಲ್ಲಿರೋಳು ನಾನು. ಆದ್ರೆ ನಂಗಾಗುತ್ತೆ, ಆಗ್ಲಿ. ನಂಗೆ ನಿನ್ನ ಮುಖ ಬೇಕು, ಜೆರ್ಮಾನೊ."

ಹಳದಿ ಕೋಟು ಅಲುಗಾಡದೆ ನಿಂತಿತ್ತು. ಬ್ಯಾಲಸ್ಟ್ ಪಾಯಿಂಟಿನ ಕಲ್ಲುಗಳು ಆಗಲೇ ಹತ್ತಿರ ಬಂದಿದ್ದವು. ಆಮೇಲೆ ಮುದುಕ ಮೆಲ್ಲಗೆ, ಇಡೀ ಬೀದಿ ನೋಡುತ್ತಿದೆಯೇನೋ ಎಂಬಂತೆ ಹೆದರುತ್ತ, ಇತ್ತ ತಿರುಗಿದ. ಅಷ್ಟು ದೂರದಿಂದ ಮುಖ ಹೆಬ್ಬೆಟ್ಟಿನ ಉಗುರಿನಷ್ಟೂ ಕಾಣುತ್ತಿರಲಿಲ್ಲ. ಆದರೂ ಅದು ಮುಖ.

ಕಲ್ಲುಗಳು ನಡುವೆ ಬರುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು. ಫೋನು ಇನ್ನೂ ಕಿವಿಯಲ್ಲೇ ಇತ್ತು.

"ದಾಟಿದ್ಯಾ ಆ ಕಡೆಗೆ?" ಎಂದು ಕೇಳಿದ ಜೆರ್ಮಾನೊ. "ಏನು ಕಾಣ್ತಿದೆ?"

ಡಿಯೊಲಿಂಡಾ ಕಣ್ಣೊರೆಸಿಕೊಂಡು ಮುಂದಕ್ಕೆ ನೋಡಿದಳು.

"ನೀರು," ಎಂದಳು.